ಹರಿದ ಕೋಟಿನ ಬೆಲೆ

ಪ್ಯಾರಿಸ್ಸಿನ ಬಡ ಚಿತ್ರಕಾರನೊಬ್ಬನ ಕಥೆಯೆಂದು ಕೇಳಿ ನಾನು ರೆನೆ ಕ್ಲೇರ್ ನಿರ್ದೇಶನದ ‘ಲ ಮಿಲಿಯೊಂ’ (1931) ನೋಡಲು ಕೂತೆ. ಆದರೆ ನಾಯಕ ಮಿಷೆಲ್ ಕುಂಚ ಹಿಡಿಯುವುದೇ ಅಪರೂಪ. ಹಿಡಿದಾಗಲೂ ಅವನ ಗಮನ ರೂಪದರ್ಶಿಯ ಮೇಲೆ. ಅವನ ನಿಜವಾದ ಕಸುಬು ಸಾಲ ಕೊಟ್ಟವರ ಕೈಗೆ ಸಿಗದೆ ಓಡುವುದು. ಉದ್ರಿ ಕೊಟ್ಟ ಅಂಗಡಿಯವರೆಲ್ಲ ಮೆಟ್ಟಿಲೇರಿ ಬರುತ್ತಾರೆ, ಬಾಕಿ ಕೇಳುತ್ತಾರೆ. ಅವನಿಗೆ ಹತ್ತು ಲಕ್ಷದ ಲಾಟರಿ ಹೊಡೆದಿದೆ ಎಂದು ತಿಳಿದ ಕ್ಷಣವೇ ಅದೇ ಬಾಯಿಗಳು ಅವನನ್ನು ಹೊಗಳಿ ಹಾಡತೊಡಗುತ್ತವೆ.

ಟಿಕೆಟ್ಟು ಮಾತ್ರ ಹಳೆಯ ಕೋಟಿನ ಜೇಬಿನಲ್ಲಿದೆ. ಮಿಷೆಲ್ ಮೇಲೆ ಮುನಿದಿದ್ದ ಪ್ರೇಯಸಿ ಬಿಯಾತ್ರಿಸ್ ಆ ಕೋಟನ್ನು ಪೊಲೀಸರಿಂದ ತಪ್ಪಿಸಿಕೊಂಡು ಬಂದ ಮುದುಕನೊಬ್ಬನಿಗೆ ಕೊಟ್ಟುಬಿಟ್ಟಿದ್ದಾಳೆ. ಅವನದು ಹಳೆ ಬಟ್ಟೆಯ ಅಂಗಡಿ. ಅಲ್ಲಿಂದ ಕೋಟನ್ನು ಕೊಂಡವನು ದಪ್ಪ ಹೊಟ್ಟೆಯ ಆಪೆರಾ ಗಾಯಕ. ಅವನಿಗೇಕೆ ಹರಿದ ಕೋಟು? ‘ಬೊಹೀಮಿಯನ್ನರು’ ಎಂಬ ಆಪೆರಾದಲ್ಲಿ ಬಡವನ ಪಾತ್ರಕ್ಕೆ!

ಇಲ್ಲಿ ನಾನು ಚಿತ್ರ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪ್ಯಾರಿಸ್ಸಿನ ಬಡ ಕಲಾವಿದರ ಬದುಕನ್ನು ದಂತಕಥೆ ಮಾಡಿದವನು ಆಂರಿ ಮ್ಯುರ್ಜೆ. 1840ರ ದಶಕದಲ್ಲಿ ತಾನೂ ಹಾಗೇ ಬದುಕುತ್ತ ಪತ್ರಿಕೆಗೆ ಬಿಡಿಬಿಡಿಯಾಗಿ ಬರೆದ. ಅದು 1849ರಲ್ಲಿ ನಾಟಕವಾಯಿತು, 1851ರಲ್ಲಿ ಪುಸ್ತಕವಾಯಿತು, 1896ರಲ್ಲಿ ಪುಚ್ಚೀನಿಯ ಆಪೆರಾ ಆಯಿತು. ಚಳಿಯಲ್ಲಿ ನಡುಗಿದವನ ಕಥೆ ರೇಷ್ಮೆ ಉಟ್ಟವರು ಟಿಕೆಟ್ಟು ಕೊಂಡು ಕೇಳುವ ಹಾಡಾಗಲು ಅರ್ಧ ಶತಮಾನ ಸಾಕಾಯಿತು. ಕ್ಲೇರ್ ಇದನ್ನೆಲ್ಲ ಒಂದು ಕೋಟಿನಲ್ಲಿ ಹೇಳಿಬಿಡುತ್ತಾನೆ, ಅದೂ ನಗಿಸುತ್ತ.

ರಂಗದ ಮೇಲಿನ ದೃಶ್ಯವಂತೂ ಮರೆಯುವಂಥದ್ದಲ್ಲ. ಪರದೆ ಏಳುವ ಮುಂಚೆ ಕಚ್ಚಾಡುತ್ತಿದ್ದ ಗಾಯಕ, ಗಾಯಕಿ ಪರದೆ ಎದ್ದೊಡನೆ ಪ್ರೇಮಗೀತೆ ಶುರುಮಾಡುತ್ತಾರೆ. ಅವರ ಹಿಂದೆ, ಬಣ್ಣ ಬಳಿದ ಗಿಡಮರಗಳ ಮರೆಯಲ್ಲಿ, ಮುನಿಸಿಕೊಂಡ ನಿಜವಾದ ಪ್ರೇಮಿಗಳು ಸಿಕ್ಕಿಬಿದ್ದಿದ್ದಾರೆ. ಇಬ್ಬರೂ ತುಟಿ ಬಿಚ್ಚುವಂತಿಲ್ಲ. ಬೇರೆಯವರ ಸುಳ್ಳು ಹಾಡೇ ಇವರ ನಡುವೆ ರಾಜಿ ಮಾಡಿಸುತ್ತದೆ. ಮೇಲಿನಿಂದ ಕೆಲಸಗಾರನೊಬ್ಬ ಕಾಗದದ ಹೂವಿನೆಸಳು ಸುರಿಯುತ್ತಾನೆ. ಕ್ಲೇರ್ ಅವನನ್ನೂ ನಮಗೆ ತೋರಿಸುತ್ತಾನೆ.

ಪ್ರೇಮಿಗಳಿಗೆ ಮಾತೇ ಇಲ್ಲದ ಈ ದೃಶ್ಯ ಟಾಕಿ ಚಿತ್ರದ್ದು ಎಂಬುದೇ ಸೊಗಸು. ಮಾತು ಬಂದರೆ ಸಿನಿಮಾ ಚಿತ್ರೀಕರಿಸಿದ ನಾಟಕವಾದೀತು ಎಂಬ ಅಳುಕು ಕ್ಲೇರ್‌ಗಿತ್ತು. 1929ರಲ್ಲಿ ಲಂಡನ್ನಿಗೆ ಹೋಗಿ ಹೊಸ ಟಾಕಿಗಳನ್ನು ನೋಡಿದ. ಅಮೆರಿಕದ ‘ಬ್ರಾಡ್‌ವೇ ಮೆಲೊಡಿ’ಯಲ್ಲಿ ಕಾರಿನ ಬಾಗಿಲು ಮುಚ್ಚುವ ಸದ್ದಷ್ಟೇ ಕೇಳಿಸಿ, ಕಿಟಕಿಯಲ್ಲಿ ನಿಂತ ಹೆಣ್ಣಿನ ಮುಖವನ್ನಷ್ಟೇ ತೋರಿಸಿದ್ದು ಅವನಿಗೆ ಹಿಡಿಸಿತು. ಕಣ್ಣಿಗೆ ಒಂದು, ಕಿವಿಗೆ ಇನ್ನೊಂದು. ಆ ಪಾಠವನ್ನು ಇಲ್ಲಿ ತುಂಟತನಕ್ಕೂ ಬಳಸಿದ್ದಾನೆ: ರಂಗದ ಹಿಂದೆ ಕೋಟಿಗಾಗಿ ಎಳೆದಾಟ ನಡೆದಾಗ ನಮಗೆ ಕೇಳುವುದು ರಗ್ಬಿ ಪಂದ್ಯದ ಸೀಟಿ, ಜನರ ಕೂಗು.

ಲಜಾರ್ ಮೀರ್ಸನ್ನನ ಸೆಟ್ಟುಗಳೂ ಹಾಗೆಯೇ, ತೆಳು ಪರದೆಯ ಹಿಂದೆ ಇಟ್ಟಂತೆ ಮಸುಕು ಮಸುಕು. ಬಡತನದ ಚಳಿ ನಮ್ಮನ್ನು ತಟ್ಟುವುದಿಲ್ಲ. ಹಾಗಾದರೆ ಕ್ಲೇರ್ ಕೂಡ ಆ ದಪ್ಪ ಗಾಯಕನಂತೆ ಹರಿದ ಕೋಟನ್ನು ವೇಷವಾಗಿ ತೊಟ್ಟವನೇ ಅಲ್ಲವೇ? ಹೌದೆಂದೇ ನನಗೆ ಅನಿಸುತ್ತದೆ. ಆದರೆ ಹೂವೆಸಳು ಕಾಗದದ್ದೆಂದು ಅವನು ಬಚ್ಚಿಡಲಿಲ್ಲ. ಕೊನೆಗೆ ಆ ಮುದುಕನಿಂದಲೇ ಟಿಕೆಟ್ಟು ಮರಳಿ ಸಿಕ್ಕಾಗ ಸಾಲ ಕೊಟ್ಟವರೆಲ್ಲ ಮಿಷೆಲ್ಲನ ಕೋಣೆಯಲ್ಲಿ ಕೈಕೈ ಹಿಡಿದು ಕುಣಿಯುತ್ತಾರೆ.