ಬ್ರಿಟಿಷರು ಹೋದ ಮೇಲೆ ಹೈದರಾಬಾದಿಗೆ ಬಂದ ಬ್ರಿಟಿಷ್ ಅಫೀಮು ಕಾಯ್ದೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಕ್ಯಾಬಿನಲ್ಲಿ ಕೂತು ಓದ್ತೀವಿ ಅನ್ನೋರಿಗೆ ಈ ವಾರದ ಮಾತು ಬರಹದ ರೂಪದಲ್ಲಿ.

ಒಂದು ವಿಚಿತ್ರದಿಂದ ಶುರು ಮಾಡ್ತೀನಿ. ಬ್ರಿಟಿಷ್ ಸರ್ಕಾರ 1878ರಲ್ಲಿ ಅಫೀಮು ಕಾಯ್ದೆ ಅಂತ ಒಂದು ಕಾನೂನು ಮಾಡ್ತು. ಧಾರವಾಡಕ್ಕೆ, ಬಳ್ಳಾರಿಗೆ ಅದು ಬ್ರಿಟಿಷರ ಕಾಲದಲ್ಲೇ ಬಂತು, ಯಾಕಂದ್ರೆ ಅವು ಬಾಂಬೆ, ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು. ಆದರೆ ಕಲಬುರಗಿ, ರಾಯಚೂರು, ಬೀದರಿಗೆ, ಅಂದ್ರೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ, ಅದೇ ಕಾಯ್ದೆ ಬಂದದ್ದು 1950ರಲ್ಲಿ. ಬ್ರಿಟಿಷರು ಗಂಟುಮೂಟೆ ಕಟ್ಟಿ ಹೋಗಿ ಮೂರು ವರ್ಷ ಆದ ಮೇಲೆ! ತಂದವರು ನಾವೇ, ನಮ್ಮದೇ ಪಾರ್ಲಿಮೆಂಟು. ಇದು ಹೇಗಾಯಿತು ಅನ್ನೋದೇ ಇವತ್ತಿನ ಕಥೆ.

ಮೊದಲು ಆ ಕಾನೂನಿನಲ್ಲಿ ಏನಿತ್ತು ನೋಡೋಣ. ನಮ್ಮಲ್ಲಿ ಬಹಳ ಜನಕ್ಕೆ ಒಂದು ಕಲ್ಪನೆ ಇದೆ, ಅಫೀಮು ಕಾಯ್ದೆ ಅಂದ್ರೆ ಅಫೀಮು ತಿನ್ನೋದನ್ನ ನಿಲ್ಲಿಸೋಕೆ ಮಾಡಿದ್ದು ಅಂತ. ಅಲ್ಲ. 1857ರಲ್ಲಿ ಮೊದಲ ಕಾಯ್ದೆ ಬಂದದ್ದು ಗಸಗಸೆ ಬೆಳೆಯೋ ರೈತನನ್ನ ಹಿಡಿತದಲ್ಲಿಡೋಕೆ. (ಹೌದು, ಹಬ್ಬದ ದಿನ ಪಾಯಸಕ್ಕೆ ಹಾಕ್ತೀವಲ್ಲ, ಅದೇ ಗಸಗಸೆ. ಬೀಜ ಅಡುಗೆಮನೆಗೆ, ಕಾಯಿಯ ಹಾಲು ಅಫೀಮಿಗೆ. ಒಂದೇ ಗಿಡ.) ಬಂಗಾಳ ಪ್ರಾಂತ್ಯದ ರೈತ ಲೈಸೆನ್ಸ್ ಪಡೆದೇ ಬೆಳೀಬೇಕು, ಬೆಳೆದದ್ದನ್ನೆಲ್ಲ ಸರ್ಕಾರ ಹೇಳಿದ ಬೆಲೆಗೆ ಸರ್ಕಾರಕ್ಕೇ ಕೊಡಬೇಕು. ಗಾಜೀಪುರ, ಪಟ್ನಾದ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿ, ಪೆಟ್ಟಿಗೆ ತುಂಬಿ ಕಲ್ಕತ್ತಾದಲ್ಲಿ ಹರಾಜು. ಅಲ್ಲಿಂದ ಚೀನಾಕ್ಕೆ. ಮಾಳ್ವಾದ ದೇಶೀ ಸಂಸ್ಥಾನಗಳಲ್ಲಿ ಬೆಳೆದ ಅಫೀಮು ಬಾಂಬೆ ಬಂದರಿಗೆ ಬರಬೇಕಾದರೆ ಪ್ರತಿ ಪೆಟ್ಟಿಗೆಗೂ ಸುಂಕ. ಒಂದು ಕಾಲಕ್ಕೆ ಆ ಸುಂಕ ಪೆಟ್ಟಿಗೆಗೆ 600 ರೂಪಾಯಿ ದಾಟಿತ್ತು. ಭೂಕಂದಾಯ ಬಿಟ್ಟರೆ ಬ್ರಿಟಿಷ್ ಇಂಡಿಯಾದ ಖಜಾನೆಗೆ ದೊಡ್ಡ ಆಸರೆಗಳಲ್ಲಿ ಅಫೀಮೂ ಒಂದು.

1878ರ ಕಾಯ್ದೆ ಈ ವ್ಯಾಪಾರಕ್ಕೆ ಹಾಕಿದ ಬೇಲಿ. ನಾಲ್ಕನೇ ಸೆಕ್ಷನ್ ಹೇಳೋದು ಇಷ್ಟು: ಸರ್ಕಾರ ಅನುಮತಿ ಕೊಟ್ಟ ಹೊರತು ಯಾರೂ ಬೆಳೆಯುವಂತಿಲ್ಲ, ತಯಾರಿಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಸಾಗಿಸುವಂತಿಲ್ಲ, ಮಾರುವಂತಿಲ್ಲ. ಅನುಮತಿ ಇದ್ದರೆ ಎಲ್ಲವೂ ಆಗುತ್ತೆ. ಲೈಸೆನ್ಸ್ ಪಡೆದ ಅಂಗಡಿಗೆ ಹೋಗಿ, ನಿಯಮದಲ್ಲಿ ಹೇಳಿದಷ್ಟು ತೊಲ ಅಫೀಮು ಕೊಂಡು ಮನೆಗೆ ಬಂದರೆ ಯಾರೂ ಕೇಳೋರಿಲ್ಲ. ಅದೇ ಅಫೀಮನ್ನ ಗಡಿಯಾಚೆಯಿಂದ ಕಮ್ಮಿ ಬೆಲೆಗೆ ತಂದರೆ ಮೂಲ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪರಾಧ ಆಗಿದ್ದು ತಿಂದದ್ದಕ್ಕಲ್ಲ, ಸರ್ಕಾರದ ಪಾಲು ಕೊಡದೆ ತಿಂದದ್ದಕ್ಕೆ.

ನನಗೆ ಈ ಕಾಯ್ದೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಹತ್ತನೇ ಸೆಕ್ಷನ್. ನಿಧಾನವಾಗಿ ಓದಿ. ಸಾಮಾನ್ಯವಾಗಿ ಯಾರಾದರೂ ತಪ್ಪು ಮಾಡಿದಾನೆ ಅಂತ ಸಾಬೀತು ಮಾಡೋದು ಸರ್ಕಾರದ ಕೆಲಸ. ಇಲ್ಲಿ ಹಾಗಲ್ಲ. ನಿಮ್ಮ ಹತ್ತಿರ ಸಿಕ್ಕ ಅಫೀಮಿಗೆ ಸರಿಯಾದ ಲೆಕ್ಕ ನೀವು ಕೊಡಬೇಕು. ಕೊಡೋಕೆ ಆಗದಿದ್ದರೆ, ಬೇರೆ ರೀತಿ ಸಾಬೀತಾಗುವ ತನಕ ನೀವು ಅಪರಾಧಿ ಅಂತಲೇ ಕೋರ್ಟು ಭಾವಿಸುತ್ತೆ. ಸುಂಕ ತಪ್ಪಿಸೋರನ್ನ ಹಿಡಿಯೋಕೆ ಇದು ಅನುಕೂಲ, ಅದರಲ್ಲಿ ಅನುಮಾನವಿಲ್ಲ. ಆದರೆ ಓದು ಬರಹ ಇಲ್ಲದ, ರಸೀದಿ ಇಟ್ಟುಕೊಳ್ಳದ ಒಬ್ಬ ಕೂಲಿಯವನು ಏನು ಲೆಕ್ಕ ಕೊಟ್ಟಾನು? ಈ ಸೆಕ್ಷನ್ನನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತೆ.

ಈಗ ಹೈದರಾಬಾದಿಗೆ ಬರೋಣ. ನಿಜಾಮರ ರಾಜ್ಯ ಬ್ರಿಟಿಷ್ ಇಂಡಿಯಾ ಅಲ್ಲ. ಕಲ್ಕತ್ತಾದಲ್ಲಿ ಪಾಸಾದ ಕಾನೂನು ಇಲ್ಲಿ ತಾನಾಗಿಯೇ ನಡೆಯೋದಿಲ್ಲ. ಆದರೆ ಊರು ಪೂರ್ತಿ ನಿಜಾಮರ ಕೈಯಲ್ಲೂ ಇರಲಿಲ್ಲ. ಕೋಠಿಯಲ್ಲಿ ಮಹಿಳಾ ವಿಶ್ವವಿದ್ಯಾಲಯ ಇದೆಯಲ್ಲ, ದೊಡ್ಡ ದೊಡ್ಡ ಕಂಬದ ಬಿಳಿ ಕಟ್ಟಡ? ಅದೇ ಬ್ರಿಟಿಷ್ ರೆಸಿಡೆನ್ಸಿ. ಅದರ ಸುತ್ತಿನ ಪೇಟೆಗೆ, ಈಗಿನ ಸುಲ್ತಾನ್ ಬಜಾರಿಗೆ, ರೆಸಿಡೆನ್ಸಿ ಬಜಾರ್ ಅಂತಿದ್ದರು. ಅಲ್ಲಿ ರೆಸಿಡೆಂಟನದ್ದೇ ಆಡಳಿತ, ಅವನದ್ದೇ ಪೊಲೀಸು. 1933ರ ತನಕ ಅದು ನಿಜಾಮರಿಗೆ ವಾಪಸ್ ಬರಲಿಲ್ಲ. ಹುಸೇನ್ ಸಾಗರದ ಆಚೆ ಸಿಕಂದರಾಬಾದಿನ ದಂಡು ಪ್ರದೇಶವೂ ಬ್ರಿಟಿಷರ ಅಧಿಕಾರದಲ್ಲಿ. ಅಂದ್ರೆ ಒಂದು ಓಣಿಯಲ್ಲಿ ಒಬ್ಬರ ಕಾನೂನು, ಎರಡು ಓಣಿ ದಾಟಿದರೆ ಇನ್ನೊಬ್ಬರದು. ಮುಸಿ ನದಿ ಕಡೆಯಿಂದ ನಡೆದು ಬಂದವನು ಎಲ್ಲಿ ಯಾವ ಸರ್ಕಾರದ ಕೈಗೆ ಸಿಗ್ತಾನೆ ಅನ್ನೋದು ಅವನು ನಿಂತ ಜಾಗದ ಮೇಲೆ.

ಇನ್ನು ರೈಲು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಬಂತು. ಕಲಬುರಗಿ ಕಡೆಯವರು ಇವತ್ತಿಗೂ ಹಬ್ಬಕ್ಕೆ ಊರಿಗೆ ಹೋಗೋದು ಇದೇ ದಾರಿಯಲ್ಲಿ. ಹಳಿ ಹಾಕಿದ ನೆಲ ನಿಜಾಮರದು, ಆದರೆ ಹಳಿಯ ಮೇಲಿನ ಅಧಿಕಾರವನ್ನ ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಎಷ್ಟರ ಮಟ್ಟಿಗೆ? ಈ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಮುಹಮ್ಮದ್ ಯೂಸುಫುದ್ದೀನ್ ಅನ್ನೋ ನಿಜಾಮರ ಪ್ರಜೆಯನ್ನ, ಹೈದರಾಬಾದ್ ರಾಜ್ಯದ ಒಂದು ರೈಲು ನಿಲ್ದಾಣದಲ್ಲಿ, ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಹಿಡಿದರು. 1897ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು: ರೈಲ್ವೆಗೆ ಸಂಬಂಧಿಸಿದ ವಿಷಯಕ್ಕಷ್ಟೇ ನಿಮ್ಮ ಅಧಿಕಾರ, ಬೇರೆ ಅಪರಾಧಕ್ಕೆ ಇಲ್ಲಿ ಹಿಡಿಯೋಹಾಗಿಲ್ಲ. ಅದು ಅಫೀಮಿನ ಕೇಸಲ್ಲ. ಆದರೂ ಯಾಕೆ ಹೇಳಿದೆ ಅಂದ್ರೆ, ಅಫೀಮು, ಗಾಂಜಾ ಸಾಗೋದು ದಾರಿಯಲ್ಲಿ. ದಾರಿ ಯಾರದು ಅನ್ನೋದೇ ಗೊಂದಲವಾದರೆ ಕಾನೂನಿನ ಬೇಲಿಯಲ್ಲಿ ಎಷ್ಟು ತೂತು ಇರಬಹುದು, ನೀವೇ ಯೋಚಿಸಿ.

ಹಾಗಂತ ನಿಜಾಮರ ಸರ್ಕಾರ ಕೈಕಟ್ಟಿ ಕೂತಿರಲಿಲ್ಲ. ಅವರದ್ದೂ ಅಬಕಾರಿ ಇಲಾಖೆ, ಅವರದ್ದೂ ಹರಾಜು, ಗುತ್ತಿಗೆ. ಹೈದರಾಬಾದ್ ಅಬಕಾರಿ ಕಾಯ್ದೆ 1316 ಫಸಲಿಯದ್ದು. ಅಮಲು ಪದಾರ್ಥಗಳ ಕಾಯ್ದೆ ಬೇರೆ, ಅದು 1333 ಫಸಲಿಯದ್ದು. ಗಾಬರಿಯಾಗಬೇಡಿ, ಫಸಲಿ ವರ್ಷಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತೆ: ಸುಮಾರು 1906, 1923. ಡೇಟ್ ಫಾರ್ಮ್ಯಾಟ್ ತಲೆನೋವು ನಮ್ಮ ಪ್ರಾಜೆಕ್ಟುಗಳಲ್ಲಿ ಮಾತ್ರ ಅಲ್ಲ ನೋಡಿ. ಇದರಲ್ಲಿ ನಿಜಾಮರು ಬ್ರಿಟಿಷರಿಗಿಂತ ಒಳ್ಳೆಯವರು ಅಂತ ನಾನೇನೂ ಹೇಳಲ್ಲ. ಎರಡೂ ಕಡೆ ಅಬಕಾರಿ ಅಂದ್ರೆ ಮೊದಲು ಆದಾಯ, ಆಮೇಲೆ ಆರೋಗ್ಯ.

ಅಫೀಮು ಪೂರ್ತಿ ನಿಲ್ಲಿಸಿ ಅನ್ನೋ ಕೂಗು ಇರಲಿಲ್ಲವಾ? ಇತ್ತು, ಇಂಗ್ಲೆಂಡಿನಲ್ಲೇ ಜೋರಾಗಿತ್ತು. 1893ರಲ್ಲಿ ಲಾರ್ಡ್ ಬ್ರಾಸಿ ಅಧ್ಯಕ್ಷತೆಯಲ್ಲಿ ರಾಯಲ್ ಕಮಿಷನ್ ಕೂತಿತು. ಅದೇ ವರ್ಷ ಗಾಂಜಾ, ಭಂಗಿ, ಚರಸ್ ವಿಚಾರಕ್ಕೆ ಇನ್ನೊಂದು ಆಯೋಗ, ಅದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನ ಕೇಳಿತು. ಎರಡರ ತೀರ್ಮಾನವೂ ಹೆಚ್ಚುಕಮ್ಮಿ ಒಂದೇ: ಮಿತವಾಗಿ ಬಳಸೋದರಿಂದ ದೊಡ್ಡ ಕೆಡುಕಿಲ್ಲ, ನಿಷೇಧ ಬೇಡ, ತೆರಿಗೆ ಹಾಕಿ ಹಿಡಿತದಲ್ಲಿಡಿ. ಅಫೀಮು ಆಯೋಗದಲ್ಲಿ ಹೆನ್ರಿ ವಿಲ್ಸನ್ ಒಬ್ಬರೇ ಒಪ್ಪದೆ ಬೇರೆ ಬರೆದರು. ಗಾಂಜಾ ಆಯೋಗದ ವರದಿಯನ್ನ ಇವತ್ತು ಗಾಂಜಾ ಪರ ಮಾತಾಡೋರು ಬಹಳ ಖುಷಿಯಿಂದ ಎತ್ತಿ ತೋರಿಸ್ತಾರೆ. ವರದಿ ಶ್ರದ್ಧೆಯಿಂದ ಮಾಡಿದ್ದು, ನಿಜ. ಆದರೆ ಅದನ್ನ ಮಾಡಿಸಿದ ಸರ್ಕಾರ ಅದೇ ಸರಕಿನಿಂದ ಸುಂಕ ತಿಂತಿತ್ತು ಅನ್ನೋದನ್ನ ಮರೆತು ಓದಬಾರದು.

ಆಮೇಲೆ ಗಾಳಿ ತಿರುಗಿತು. ಹೇಗ್, ಜಿನೀವಾ ಒಪ್ಪಂದಗಳು ಬಂದವು, ಚೀನಾದ ವ್ಯಾಪಾರ ನಿಂತಿತು, 1930ರಲ್ಲಿ ಅಪಾಯಕಾರಿ ಔಷಧಗಳ ಕಾಯ್ದೆ ಬಂತು. ಅದೂ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಆ್ಯಕ್ಷನ್. 1950ರಲ್ಲಿ ಸಂವಿಧಾನ ಬಂದಾಗ ಅಫೀಮು ಕೇಂದ್ರದ ಪಟ್ಟಿಗೆ ಸೇರಿತು. ಹಳೇ ಸಂಸ್ಥಾನಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ, ಹೀಗಾದರೆ ನಡೆಯಲ್ಲ. ಹೊಸದಾಗಿ ಒಂದು ಕಾನೂನು ಬರೆಯಬಹುದಿತ್ತು. ಬರೆಯಲಿಲ್ಲ. ಅದೇ ವರ್ಷ ಒಂದು ಪುಟ್ಟ ವಿಸ್ತರಣಾ ಕಾಯ್ದೆ ಪಾಸು ಮಾಡಿ, 1857, 1878, 1930ರ ಬ್ರಿಟಿಷ್ ಕಾನೂನುಗಳನ್ನೇ ಹೈದರಾಬಾದಿನಂಥ ರಾಜ್ಯಗಳಿಗೂ ಹಬ್ಬಿಸಿದರು. ಆಡಳಿತದ ಅವಸರ ಅರ್ಥವಾಗುತ್ತೆ. ಆದರೆ ಆ ಹತ್ತನೇ ಸೆಕ್ಷನ್ ಕೂಡ ಜೊತೆಗೇ ಬಂತಲ್ಲ. ರಾಯಚೂರಿನ ರೈತನಿಗೆ, ಬೀದರಿನ ಹಮಾಲನಿಗೆ ವಿಕ್ಟೋರಿಯಾ ರಾಣಿ ಕಾಲದ ಆ ನಿಯಮ ತ್ರಿವರ್ಣ ಧ್ವಜದ ಕೆಳಗೆ ಮೊದಲ ಸಲ ಅನ್ವಯವಾಯಿತು. 1956ರಲ್ಲಿ ರಾಜ್ಯ ಮೂರು ಪಾಲಾದಾಗ ನಮ್ಮ ಜಿಲ್ಲೆಗಳು ಮೈಸೂರಿಗೆ ಬಂದವು, ಕಾಯ್ದೆಯೂ ಅವುಗಳ ಜೊತೆ ಉಳಿಯಿತು.

ಗಾಂಜಾ ಕಥೆ ಸ್ವಲ್ಪ ಬೇರೆ. ಯಾದಗಿರಿಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದು ಪ್ರಸಾದವಾಗಿ ಸಿಗುತ್ತೆ ಅಂತ 2020ರಲ್ಲಿ ಪತ್ರಿಕೆಗಳು ಬರೆದದ್ದು ನೆನಪಿರಬಹುದು. ಅವಧೂತ, ಆರೂಢ ಪರಂಪರೆಯಲ್ಲಿ ಅದಕ್ಕೆ ಬೇರೆಯೇ ಜಾಗ ಇದೆ. ಯಾವ ಸರ್ಕಾರದ ನೋಟಕ್ಕೂ ಅದು ಪೂರ್ತಿ ಸಿಕ್ಕಿಲ್ಲ. ಆ ವಿಷಯ ಇನ್ನೊಂದು ದಿನ ವಿವರವಾಗಿ ಮಾತಾಡೋಣ.

ಈಗ 1985. ಎನ್‌ಡಿಪಿಎಸ್ ಕಾಯ್ದೆ ನವೆಂಬರ್ 14ರಿಂದ ಜಾರಿಗೆ ಬಂತು. ಗಚ್ಚಿಬೌಲಿಯಲ್ಲೋ ಮಾದಾಪುರದಲ್ಲೋ ಪಾರ್ಟಿ ಮೇಲೆ ರೇಡ್ ಆಯ್ತು ಅಂತ ಸುದ್ದಿ ಬಂದಾಗ ಕೇಳ್ತೀರಲ್ಲ, ಅದೇ ಕಾಯ್ದೆ. 1857, 1878, 1930ರ ಮೂರೂ ಕಾನೂನುಗಳನ್ನ ಅದು ರದ್ದು ಮಾಡಿತು. ಆದರೆ ಅದರ 54ನೇ ಸೆಕ್ಷನ್ ತೆಗೆದು ಓದಿ. ಸಿಕ್ಕ ಮಾಲಿಗೆ ತೃಪ್ತಿಕರ ಲೆಕ್ಕ ಕೊಡದಿದ್ದರೆ ಅಪರಾಧ ಮಾಡಿದಾನೆ ಅಂತ ಭಾವಿಸಬಹುದು. 1878ರ ಹತ್ತನೇ ಸೆಕ್ಷನ್, ಹೆಚ್ಚುಕಮ್ಮಿ ಅದೇ ಮಾತು! ವ್ಯತ್ಯಾಸ ಶಿಕ್ಷೆಯಲ್ಲಿ. ಆಗ ಹೆಚ್ಚೆಂದರೆ ಒಂದು ವರ್ಷ. ಈಗ ಎರಡೂವರೆ ಕಿಲೋಗಿಂತ ಹೆಚ್ಚು ಅಫೀಮು, ಇಲ್ಲವೇ 20 ಕಿಲೋಗಿಂತ ಹೆಚ್ಚು ಗಾಂಜಾ ಸಿಕ್ಕರೆ ಕನಿಷ್ಠ ಹತ್ತು ವರ್ಷ, ಜಾಮೀನೂ ಸುಲಭವಾಗಿ ಸಿಗಲ್ಲ. ಸುಂಕ ಕಾಯೋಕೆ ಬರೆದ ಒಂದು ಅನುಕೂಲದ ವಾಕ್ಯ ಈಗ ಹತ್ತು ವರ್ಷದ ಜೈಲಿನ ಬಾಗಿಲಲ್ಲಿ ನಿಂತಿದೆ. ಡ್ರಗ್ಸ್ ಮಾರೋರ ಮೇಲೆ ನನಗೆ ಯಾವ ಕನಿಕರವೂ ಇಲ್ಲ. ಆದರೆ ಬ್ಯಾಗಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಸಾಗಿಸಿದ ಆಟೋದವನೂ, ರೂಮ್‌ಮೇಟ್‌ನ ಕಪಾಟಿನ ಬಗ್ಗೆ ಗೊತ್ತೇ ಇಲ್ಲದ ಹುಡುಗನೂ ಇದೇ ಸೆಕ್ಷನ್ ಎದುರು ನಿಂತು ಲೆಕ್ಕ ಕೊಡಬೇಕು.

ಗಸಗಸೆಯನ್ನ ಮಾತ್ರ ಹೊಸ ಕಾಯ್ದೆ ಬಿಟ್ಟಿದೆ. ಕಾಯಿ, ತೊಟ್ಟು, ಸಿಪ್ಪೆ ಎಲ್ಲ ಒಳಗೆ, ಬೀಜ ಹೊರಗೆ ಅಂತ ವ್ಯಾಖ್ಯೆಯಲ್ಲೇ ಬರೆದಿದ್ದಾರೆ. ಇದು ಇಲ್ಲಿಯ ಮಾತು. ದುಬೈ ಪ್ರಾಜೆಕ್ಟಿಗೆ ಹೊರಟವರು ಅಮ್ಮ ಕಟ್ಟಿಕೊಟ್ಟ ಡಬ್ಬಿಯಲ್ಲಿ ಗಸಗಸೆ ಇದ್ದರೆ ಊರಲ್ಲೇ ಬಿಟ್ಟು ಹೋಗಿ, ಅಲ್ಲಿ ಅದಕ್ಕೂ ನಿಷೇಧ ಇದೆ. ಮುಂದಿನ ವಾರ ಸೇಂದಿ ಬಗ್ಗೆ ಮಾತಾಡೋಣ.