ಸೊಂಟದ ಭಾರ, ಅಂಗಿಯ ಮರೆ: ಪಿಸ್ತೂಲಿನ ಒರೆಯ ಕುರಿತು ಒಂದು ಟಿಪ್ಪಣಿ

ಲೈಸೆನ್ಸ್ ಇರುವವರು ಪಿಸ್ತೂಲನ್ನು ಮರೆಮಾಡಿ ಒಯ್ಯಬೇಕೆಂಬುದು ನಮ್ಮಲ್ಲಿ ಕಾನೂನಿನದೇ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪುಗೊಂಡ 2016ರ ನಿಯಮಗಳ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರ್‌ಗಳು ಮೈಗೆ ಬಿಗಿದ ಒರೆಯಲ್ಲೋ ಅದಕ್ಕೆ ತಕ್ಕ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಹೊತ್ತವರ ಹಿಡಿತದಲ್ಲಿರಬೇಕು. ಪೊಲೀಸರ ಸೊಂಟದ ಒರೆ ಎದ್ದು ಕಾಣಲೆಂದೇ ಇರುವುದು. ಅದರ ನಕಲನ್ನೇ ಕೊಂಡು ಮೇಲೆ ಅಂಗಿ ಇಳಿಬಿಟ್ಟರೆ ನಿಯಮದ ಉದ್ದೇಶ ಈಡೇರುವುದಿಲ್ಲ.

ಒರೆ ಹಿತವಾಗಿರುವುದೂ ಮರೆಯಾಗಿರುವುದೂ ಒಂದೇ ಪ್ರಶ್ನೆ ಎಂಬುದು ನನ್ನ ವಾದ. ಒತ್ತುವ, ಜಾರುವ, ಉಜ್ಜುವ ಒರೆಯ ಕಡೆಗೆ ಕೈ ಮತ್ತೆ ಮತ್ತೆ ಹೋಗುತ್ತದೆ. ಅಂಗಿಯ ಉಬ್ಬನ್ನು ಗಮನಿಸದವರೂ ಆ ಕೈಯನ್ನು ಗಮನಿಸುತ್ತಾರೆ.

ಸೊಂಟದ ಮೇಲೆ ಭಾರ ಹೊರುವ ಬಗೆಯನ್ನು ಕೋಲಾರ ಚಿನ್ನದ ಗಣಿಯ ಕಾರ್ಮಿಕರು ಬಲ್ಲರು. ಟೋಪಿಯ ವಿದ್ಯುತ್ ದೀಪಕ್ಕೆ ಬೇಕಾದ ಸೀಸ-ಆಮ್ಲದ ಬ್ಯಾಟರಿ ಕಿಲೋಗಟ್ಟಲೆ ತೂಗುತ್ತಿತ್ತು. ಅದು ಅಗಲವಾದ ಬೆಲ್ಟಿನಲ್ಲಿ ಸೊಂಟದ ಹಿಂಬದಿಗೆ ಕೂರುತ್ತಿತ್ತು. ತಂತಿ ಬೆನ್ನ ಮೇಲಿಂದ ಟೋಪಿಗೆ ಏರುತ್ತಿತ್ತು. ಚಾಂಪಿಯನ್ ರೀಫ್‌ನಲ್ಲಿ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು, ತಳದ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅಂಥ ಸೆಕೆಯಲ್ಲಿ ಪಾಳಿಯಿಡೀ ಬಗ್ಗಿ ಎದ್ದು ದುಡಿಯುವವರಿಗೆ ಬ್ಯಾಟರಿ ಅಲುಗಾಡಿದರೆ ಚರ್ಮ ಸುಲಿಯುವುದು ಖಂಡಿತ. ಬೆಲ್ಟು ಅಗಲವಾಗಿ ಗಟ್ಟಿಯಾಗಿದ್ದರೆ ತೂಕ ಸೊಂಟದ ಸುತ್ತ ಹಂಚಿಹೋಗುತ್ತದೆ, ತೆಳುವಾಗಿದ್ದರೆ ಒಂದೇ ಕಡೆ ಜಗ್ಗುತ್ತದೆ. ಒರೆಗೆ ಸಾವಿರಾರು ರೂಪಾಯಿ ಕೊಟ್ಟು, ಅದನ್ನು ಆಫೀಸಿನ ಮೆತ್ತನೆಯ ಬೆಲ್ಟಿಗೆ ಸಿಕ್ಕಿಸುವವರು ಮರೆಯುವುದು ಇದನ್ನೇ.

ಭಾರವೇನೂ ದೊಡ್ಡದಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ತಂದ .32 ಬೋರಿನ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ, ಇಶಾಪುರದ .22 ಬೋರಿನ ‘ನಿಡರ್’ ಸುಮಾರು 250 ಗ್ರಾಂ. ರಿವಾಲ್ವರ್‌ನಲ್ಲಿ ತೊಡಕು ಕೊಡುವುದು ಗುಂಡು ತುಂಬುವ ಉರುಳೆಯ ದಪ್ಪ. ಪ್ಯಾಂಟಿನ ಒಳಗೆ ಕೂರುವ ಒರೆ ಆ ದಪ್ಪವನ್ನು ಚೆನ್ನಾಗಿ ಮರೆಸುತ್ತದೆ, ಆದರೆ ಸೊಂಟದ ಅಳತೆ ತುಸು ದೊಡ್ಡದಿರುವ ಪ್ಯಾಂಟು ಬೇಕು. ಹೊರಗೆ ಕೂರುವ ಒರೆ ಮೈಗೆ ಹಿತ. ಅದಕ್ಕೆ ಉದ್ದನೆಯ, ದಪ್ಪ ಬಟ್ಟೆಯ ಅಂಗಿ ಬೇಕು. ಹಿಡಿಯನ್ನು ಸ್ವಲ್ಪ ಮುಂದಕ್ಕೆ ವಾಲಿಸಿದರೆ ಬಗ್ಗಿದಾಗ ಅಂಗಿ ಎತ್ತಿ ಹಿಡಿಯುವ ಮೂಲೆ ಕಡಿಮೆಯಾಗುತ್ತದೆ. ಇವೆಲ್ಲಕ್ಕಿಂತ ಮೊದಲು ನೋಡಬೇಕಾದ್ದು, ಒರೆ ಕುದುರೆಯನ್ನು, ಅಂದರೆ ಟ್ರಿಗರನ್ನು, ಪೂರ್ತಿ ಮುಚ್ಚುತ್ತದೆಯೇ ಎಂಬುದು. ಮುಚ್ಚದ ಒರೆ ಎಷ್ಟೇ ಮೆತ್ತಗಿದ್ದರೂ ಬಳಸತಕ್ಕದ್ದಲ್ಲ.

ಬೆನ್ನಿನ ನಡುವೆ ಕಟ್ಟುವ ಪದ್ಧತಿಗೆ ಕೊಡಗಿನ ಉದಾಹರಣೆ ಕೊಡುವುದುಂಟು. ಕೊಡವರ ಒಡಿಕತ್ತಿ ಬೆನ್ನ ಹಿಂದಿನ ತೊಡಂಗ್ ಎಂಬ ಲೋಹದ ಕೊಂಡಿಯಲ್ಲಿ ನಿಲ್ಲುತ್ತದೆ, ಪೀಚೆಕತ್ತಿ ಮುಂದೆ, ಸೊಂಟಕ್ಕೆ ಸುತ್ತುವ ಚೇಲೆಯಲ್ಲಿ ಸೇರಿಕೊಳ್ಳುತ್ತದೆ. ಎರಡೂ ಕಾಣಬೇಕಾದ ಆಯುಧಗಳು, ಎದ್ದು ನಿಲ್ಲುವ, ನಡೆಯುವ, ಕುಣಿಯುವ ಮೈಗೆ ಹೊಂದಿದವು. ಕುರ್ಚಿಗೆ ಒರಗಿ ಕೂರುವವರಿಗೆ ಆ ಜಾಗ ಸಲ್ಲದು. ಬಿದ್ದರೆ ಗಟ್ಟಿ ಉಕ್ಕು ಬೆನ್ನುಮೂಳೆಗೇ ತಾಗುತ್ತದೆ, ಹಿಂದಿನಿಂದ ಕಸಿಯಲು ಬಂದ ಕೈಯೂ ಕಾಣುವುದಿಲ್ಲ.

ಒರೆ ಎಲ್ಲಿ ಕೂರಬೇಕೆಂಬುದಕ್ಕೆ ಬಂಗಾರಪೇಟೆ–ಮಾರಿಕುಪ್ಪಂ ರೈಲು ಒಳ್ಳೆಯ ಪರೀಕ್ಷೆ. 1894ರಲ್ಲಿ ಗಣಿಗಾಗಿ ಹಾಕಿದ ಆ ಶಾಖಾ ಮಾರ್ಗದಲ್ಲಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಬೆಳಗಿನ ಬೋಗಿಗಳು ಬೆಂಗಳೂರಿನ ಕೆಲಸಕ್ಕೆ ಹೋಗುವವರಿಂದ ಕಿಕ್ಕಿರಿಯುತ್ತವೆ. ಮೇಲಿನ ಸರಳು ಹಿಡಿಯಲು ತೋಳೆತ್ತಿದರೆ ಅಂಗಿಯೂ ಏರುತ್ತದೆ. ಅಂಥ ನೂಕುನುಗ್ಗಲಿನಲ್ಲಿ ‘ಹಿಡಿತ’ ಎಂಬ ನಿಯಮದ ಮಾತು ನಿಜವಾಗಬೇಕಾದರೆ ಒರೆ ಮೊಣಕೈಗೆ ಎಟುಕುವಂತೆ, ಸೊಂಟದ ಬದಿಯ ಮೂಳೆಯ ತುಸು ಹಿಂದೆ ಇರಬೇಕು, ತಾನಾಗಿ ಜಾರದಷ್ಟು ಬಿಗಿಯೂ ಬೇಕು.

ಬೆವರಿನ ವಿಷಯ ಚರ್ಮದ ಹದಕ್ಕೆ ಸೇರಿದ್ದು. ಬಂಗಾರಪೇಟೆಯಿಂದ ಜೋಲಾರಪೇಟೆ ದಾಟಿದರೆ ವಾಣಿಯಂಬಾಡಿ, ಆಂಬೂರು: ಹೆಸರಾಂತ ಚರ್ಮದ ಊರುಗಳು. ಕ್ರೋಮಿಯಂ ಲವಣದಲ್ಲಿ ಹದಮಾಡಿದ ಚರ್ಮ ಮೆತ್ತಗೆ, ಅದಕ್ಕೇ ಒರೆಗೆ ಹೊಂದದು. ಆಕಾರ ನಿಲ್ಲುವುದಿಲ್ಲ, ಉಳಿದ ಲವಣ ತೇವದಲ್ಲಿ ಉಕ್ಕಿಗೆ ತುಕ್ಕು ತರಬಹುದು. ಆವರಿಕೆ ತೊಗಟೆ, ಅಳಲೆಕಾಯಿಗಳಿಂದ ಹದಮಾಡುವುದು ದಕ್ಷಿಣದ ಹಳೆಯ ಕ್ರಮ. ಹಾಗೆ ತೊಗಟೆಯಲ್ಲಿ ಹದಗೊಂಡ ದಪ್ಪ ಚರ್ಮವನ್ನು ನೆನೆಸಿ ಅಚ್ಚಿಗೆ ಒತ್ತಿದರೆ ಆಯುಧದ ಆಕಾರ ಹಿಡಿದು ಗಟ್ಟಿಯಾಗುತ್ತದೆ. ಆವರಿಕೆ ನಮ್ಮ ಕೋಲಾರದ ಒಣಭೂಮಿಯಲ್ಲಿ ತಾನಾಗಿ ಬೆಳೆಯುವ ಗಿಡ. ಪ್ಲಾಸ್ಟಿಕ್ ಹಾಳೆಯ ಒರೆ ಬೆವರು ಹೀರುವುದಿಲ್ಲ, ಆದರೆ ಬರಿಮೈಗೆ ತಾಗಿ ಉಜ್ಜುತ್ತದೆ. ಮೈ ಕಡೆಗೆ ಚರ್ಮ, ಹೊರಗೆ ಪ್ಲಾಸ್ಟಿಕ್ ಇರುವ ಜೋಡಿ ಒರೆ ನಮ್ಮ ಹವೆಗೆ ಮೇಲು.

ಪಂಚೆ ಉಡುವವರನ್ನು ಒರೆ ಮಾಡುವವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಜುಬ್ಬದ ಜೇಬಿಗೆ ರಿವಾಲ್ವರ್ ಇಳಿಬಿಡುವುದು ಅವರಲ್ಲಿ ಕೆಲವರು ಕಂಡುಕೊಂಡ ದಾರಿ; ಅಲ್ಲಿ ಅದು ತೂಗಾಡುತ್ತದೆ, ಟ್ರಿಗರಿಗೂ ರಕ್ಷೆಯಿಲ್ಲ. ಪಂಚೆಯ ಒಳಗೆ, ಬನಿಯನ್ನಿನ ಮೇಲೆ ಬಿಗಿಯುವ ಅಗಲವಾದ ಬಟ್ಟೆಪಟ್ಟಿ, ಅದರಲ್ಲಿ ಹೊಲಿದ ಗಟ್ಟಿ ಒರೆ: ಇಷ್ಟನ್ನು ಬಂಗಾರಪೇಟೆಯ ಯಾವ ಚರ್ಮದ ಕುಶಲಕರ್ಮಿಯೂ ಮಾಡಿಕೊಡಬಲ್ಲ. ಅಳತೆಗೆ ಹೋಗುವಾಗ ಪಿಸ್ತೂಲಿನ ಮರದ ಅಚ್ಚನ್ನು ಒಯ್ಯಬೇಕು. ಆಯುಧ ಮನೆಯ ಬೀಗದಲ್ಲೇ ಇರಲಿ.