ಮೋಗ್ಲಿಂಗ್ ಪಂಡಿತರೂ ಅವರ ಮನೆತನವೂ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯು ಪುರಾತನ ಕಾಲದಿಂದಲೂ ಅನೇಕ ಮತಗಳಿಗೆ ನೆಲೆಯಾಗಿರುವುದು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ಎಂಬ ಶರಣದಂಪತಿಗಳು ಲಿಂಗಸುಗೂರು ಪ್ರಾಂತದ ಅಮರೇಶ್ವರದವರೆಂಬುದು ಭಕ್ತರೆಲ್ಲರೂ ಬಲ್ಲ ವಿಷಯ. ವಿಜಯದಾಸರು ಜಗನ್ನಾಥದಾಸರು ಮೊದಲಾದ ಹರಿದಾಸರು ಮಾನವಿಯ ಸೀಮೆಯವರು. ಮುದಗಲ್ಲಿನಲ್ಲಿ ವಿಜಾಪುರದ ಆದಿಲಶಾಹಿಗಳ ಕಾಲದಿಂದಲೂ ಕ್ರೈಸ್ತರ ದೇವಾಲಯವುಂಟು. ಹೀಗೆ ಒಂದೇ ನೆಲದಲ್ಲಿ ಹಲವು ಭಕ್ತಿಗಳು ಬೆಳೆದ ಈ ನಾಡಿನ ಜನರಿಗೆ, ಪರಮತದವನೊಬ್ಬನ ಚರಿತ್ರೆಯನ್ನು ನಿರ್ಮತ್ಸರದಿಂದ ಕೇಳುವುದು ಹೊಸದೇನೂ ಅಲ್ಲ.

ದೇವದುರ್ಗ, ಮಾನವಿ, ಲಿಂಗಸುಗೂರುಗಳ ಹಳ್ಳಿಗಳಲ್ಲಿ ಶ್ರಾವಣಮಾಸ ಬಂದಿತೆಂದರೆ ಪುರಾಣ ಹಚ್ಚುವ ಸಂಪ್ರದಾಯವುಂಟು. ಹಿಂದೆ ಪುರಾಣಿಕರು ಕೈಬರಹದ ಪ್ರತಿಗಳನ್ನೇ ಓದುತ್ತಿದ್ದರು. ಪ್ರತಿಯುಳ್ಳ ಮನೆ ಊರಿಗೊಂದಿದ್ದರೆ ಅದೇ ಭಾಗ್ಯವಾಗಿದ್ದಿತು. ಇಂತಹ ಕಾಲದಲ್ಲಿ, ಎಂದರೆ 1850ನೆಯ ಇಸವಿಯಲ್ಲಿ, ಭೀಮಕವಿಯ ಬಸವಪುರಾಣವೂ, ಮರುವರ್ಷ 1851ರಲ್ಲಿ ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣವೂ ಪಡುವಣ ಕಡಲತೀರದ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದವು. ಅಚ್ಚು ಹಾಕಿಸಿದವರು ಯಾವ ಮಠದ ಶಿಷ್ಯರೂ ಅಲ್ಲ, ಯಾವ ಅರಸರ ಆಸ್ಥಾನದವರೂ ಅಲ್ಲ. ಶಿವಭಕ್ತರನ್ನು ತಮ್ಮ ಮತಕ್ಕೆ ಕರೆಯುವ ಉದ್ದೇಶದಿಂದಲೇ ಜರ್ಮನಿಯಿಂದ ಬಂದ ಪಾದ್ರಿಗಳಾದ ಹರ್ಮನ್ ಮೋಗ್ಲಿಂಗ್ ಎಂಬವರು. ಈ ವೈಚಿತ್ರ್ಯವನ್ನು ಅರಿಯಬೇಕಾದರೆ ಅವರ ಜೀವಿತವನ್ನು ನೋಡಬೇಕು. ಅವರ ಜೀವಿತವನ್ನು ಅರಿಯಬೇಕಾದರೆ ಅವರೊಬ್ಬರನ್ನೇ ನೋಡಿದರೆ ಸಾಲದು. ಅವರ ಸುತ್ತಲಿದ್ದ ಕುಟುಂಬವನ್ನೂ ನೋಡಬೇಕು.

ಮೋಗ್ಲಿಂಗರು 1811ನೆಯ ಇಸವಿ ಮೇ ತಿಂಗಳ 29ರಂದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿದ್ಯಾಪೀಠದಲ್ಲಿ ದೇವತಾಶಾಸ್ತ್ರವನ್ನು ಓದಿದರು. ಸ್ವದೇಶದಲ್ಲಿ ನೆಮ್ಮದಿಯಾಗಿ ಧರ್ಮಗುರುಗಳಾಗಿರಬಹುದಾಗಿದ್ದರೂ ಅದನ್ನು ಬಿಟ್ಟು ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಘವನ್ನು ಸೇರಿದರು. 1815ರಲ್ಲಿ ಸ್ಥಾಪಿತವಾದ ಆ ಸಂಘವು 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತ್ತು. ಅವರ ಬೆನ್ನಿಗೆ 1836ರ ಕೊನೆಯಲ್ಲಿ ಮೋಗ್ಲಿಂಗರು ಬಂದರು. ಅಂದು ಯುರೋಪಿನಿಂದ ಹಡಗು ಆಫ್ರಿಕಾಖಂಡವನ್ನು ಸುತ್ತಿ ಬರಬೇಕಾಗಿದ್ದು, ಪ್ರಯಾಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು. ಹೊರಟವರು ತಂದೆತಾಯಿಗಳ ಮುಖವನ್ನು ಮತ್ತೆ ಕಾಣುವೆವೆಂಬ ನಂಬಿಕೆಯಿಲ್ಲದೆ ಹೊರಡುತ್ತಿದ್ದರು.

ಕನ್ನಡ ನಾಡಿನಲ್ಲಿ ಇವರೇ ಮೊದಲಿಗರಲ್ಲ. ರಾಯಚೂರಿಗೆ ತೆಂಕಲಾಗಿ ತುಂಗಭದ್ರೆಯ ಆಚೆಗಿರುವ ಬಳ್ಳಾರಿಗೆ 1810ರಲ್ಲಿಯೇ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬಂದು, ತಮ್ಮ ವೇದಪುಸ್ತಕವನ್ನು ಕನ್ನಡಿಸುವ ಕಾರ್ಯದಲ್ಲಿ ತೊಡಗಿದ್ದರು. ಅದೇ ಸಂಘದ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂದಿತ್ತು. ಮೋಗ್ಲಿಂಗರು 1843ನೆಯ ಇಸವಿ ಜುಲೈ 1ರಂದು ಮಂಗಳೂರಿನಲ್ಲಿ ಆರಂಭಿಸಿದ ಪಾಕ್ಷಿಕವಾದ 'ಮಂಗಳೂರ ಸಮಾಚಾರ'ವೇ ಕನ್ನಡದ ಮೊದಲನೆಯ ವೃತ್ತಪತ್ರಿಕೆ. ಅದು ಮುಂದಿನ ವರ್ಷವೇ ಬಳ್ಳಾರಿಗೆ ಸಾಗಿ 'ಕನ್ನಡ ಸಮಾಚಾರ'ವೆಂಬ ಹೆಸರಿನಿಂದ ಕೆಲಕಾಲ ನಡೆಯಿತು. ನಾಡಿನ ಸುದ್ದಿ, ಸರಕಾರದ ನಿರೂಪ, ಪರದೇಶದ ವರ್ತಮಾನಗಳನ್ನು ಸಾಮಾನ್ಯನಾದ ಕನ್ನಡಿಗನೂ ತನ್ನ ಭಾಷೆಯಲ್ಲಿ ಓದಬಹುದೆಂಬ ಮಾತನ್ನು ಈ ಪತ್ರಿಕೆ ಮೊದಲಬಾರಿಗೆ ಸಾಧಿಸಿ ತೋರಿಸಿತು.

ಮೋಗ್ಲಿಂಗರು ಮೊದಲಿಗೆ ವಿವಾಹವಾಗದೆ ಇರಬೇಕೆಂದು ನಿಶ್ಚಯಿಸಿದ್ದರು. ಪರಂಗಿಯವರ ಬಂಗಲೆಯ ಬಾಳು ಜನರಿಂದ ತಮ್ಮನ್ನು ದೂರಮಾಡುವುದೆಂದು ಬಗೆದು, ತಮ್ಮ ಪಾಠಶಾಲೆಯ ಹುಡುಗರೊಡನೆಯೇ ವಾಸಿಸುತ್ತ ಅವರಂತೆಯೇ ಊಟಮಾಡುತ್ತ ಗುರುಕುಲದ ರೀತಿಯಿಂದ ನಡೆದುಕೊಂಡರು. ಮಠದ ನೆರಳಿನಲ್ಲಿ ಬೆಳೆದವರಿಗೆ ಈ ಕ್ರಮವು ಅಪರಿಚಿತವಲ್ಲ. ಆದರೆ ಅವರ ಸಂಘದ ಪದ್ಧತಿ ಬೇರೆಯಾಗಿದ್ದಿತು. ವಿರಕ್ತನಾದ ಜಂಗಮನು ಸಂಸಾರವನ್ನು ತೊರೆದು ಸಂಚರಿಸುವನು. ಬಾಸೆಲ್ ಸಂಘದ ಪಾದ್ರಿಯಾದರೋ ಸಂಸಾರವನ್ನು ಕಟ್ಟಿಕೊಂಡೇ ಪರದೇಶದಲ್ಲಿ ನೆಲಸುತ್ತಿದ್ದನು. ಬಂದೊಡನೆ ಅವನಿಗೆ ಮದುವೆಯಾಗಲು ಅಪ್ಪಣೆಯಿರಲಿಲ್ಲ. ಕೆಲವರ್ಷ ಸೇವೆಮಾಡಿದ ಮೇಲೆ ಬಾಸೆಲಿನ ಹಿರಿಯರಿಗೆ ಬಿನ್ನವಿಸಿಕೊಳ್ಳಬೇಕಾಗಿದ್ದಿತು. ಅವರು ಒಪ್ಪಿದ ಕನ್ಯೆಯು, ಎಷ್ಟೋ ಸಲ ವರನ ಮುಖವನ್ನೇ ನೋಡದವಳು, ಸಮುದ್ರವನ್ನು ದಾಟಿ ಬಂದು ಅವನ ಕೈಹಿಡಿಯುತ್ತಿದ್ದಳು. ಆ ಮೇಲೆ ಗಂಡನ ಕೆಲಸವೆಲ್ಲವೂ ಅವಳ ಕೆಲಸವೇ ಆಗಿದ್ದಿತು. ಹೆಣ್ಣುಮಕ್ಕಳಿಗೆ ಓದು ಹೊಲಿಗೆಗಳನ್ನು ಕಲಿಸುವುದು, ಅನಾಥಶಿಶುಗಳನ್ನು ಸಾಕುವುದು, ರೋಗಿಗಳನ್ನು ನೋಡಿಕೊಳ್ಳುವುದು ಇವೆಲ್ಲ ಅವಳ ಪಾಲಿಗೆ ಬರುತ್ತಿದ್ದವು. ಸಂಬಳದ ಪಟ್ಟಿಯಲ್ಲಿಯೂ ಪುಸ್ತಕದ ಮುಖಪುಟದಲ್ಲಿಯೂ ಅವಳ ಹೆಸರು ಮಾತ್ರ ಬರುತ್ತಿರಲಿಲ್ಲ.

1840ರಲ್ಲಿ ಮೋಗ್ಲಿಂಗರ ಬಂಧುಗಳೂ ಪ್ರಾಣಸ್ನೇಹಿತರೂ ಆದ ಗಾಟ್‌ಫ್ರೀಡ್ ವೈಗಲ್ ಎಂಬವರು ಕನ್ನಡ ನಾಡಿಗೆ ಬಂದರು. ಅವರು ಕನ್ನಡ ವೇದಪುಸ್ತಕದ ಪರಿಷ್ಕಾರಕ್ಕೆ ದುಡಿದುದಲ್ಲದೆ, 1848ರಲ್ಲಿ ಜರ್ಮನಿಯ ಪೌರಸ್ತ್ಯ ವಿದ್ಯಾಸಂಘದ ಪತ್ರಿಕೆಯಲ್ಲಿ ಕನ್ನಡ ಭಾಷಾಸಾಹಿತ್ಯಗಳನ್ನು ಕುರಿತು ಲೇಖನ ಬರೆದು, ಯುರೋಪಿನ ವಿದ್ವಾಂಸರಿಗೆ ನಮ್ಮ ವಾಙ್ಮಯದ ಪರಿಚಯವನ್ನು ಮಾಡಿಕೊಟ್ಟರು. ಅವರ ಧರ್ಮಪತ್ನಿ ಪೌಲೀನ್ ಬಾಕ್‌ಮೈಸ್ಟರ್ ಅಮ್ಮನವರು. 1855ರಲ್ಲಿ ವೈಗಲರು ಮಂಗಳೂರಿನಲ್ಲಿ ಅಕಾಲಮರಣಕ್ಕೆ ತುತ್ತಾದರು. ಪರದೇಶದಲ್ಲಿ ಗಂಡನನ್ನು ಮಣ್ಣುಮಾಡಿ ಮಕ್ಕಳೊಡನೆ ನಿಂತ ಆ ತಾಯಿಯ ದುಃಖವನ್ನು ಊಹಿಸಬಹುದೇ ಹೊರತು ಬರೆಯಲಾಗದು. ಅಲ್ಲಿಯವರೆಗೆ ಅವಿವಾಹಿತರಾಗಿದ್ದ ಮೋಗ್ಲಿಂಗರು ಕೆಲಕಾಲದ ಮೇಲೆ ಆಕೆಯನ್ನು ವಿವಾಹವಾಗಿ, ಸ್ನೇಹಿತನ ಮಕ್ಕಳಿಗೆ ತಂದೆಯಾದರು. ಒಬ್ಬಂಟಿಯಾಗಿಯೇ ಸೇವೆಮಾಡುವೆನೆಂಬ ವ್ರತವನ್ನು ಆ ಕುಟುಂಬದ ಆಶ್ರಯಕ್ಕಾಗಿ ಬಿಟ್ಟುಕೊಟ್ಟುದು ಅವರ ಹಿರಿಮೆಯೇ ಸರಿ.

ಇವರ ಗ್ರಂಥಪ್ರಕಟನೆಯ ಕಥೆಯೂ ಕೇಳತಕ್ಕುದು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಯಂತ್ರವು ಸ್ಥಾಪಿತವಾಯಿತು. ಕಲ್ಲಚ್ಚೆಂದರೆ ಮೊಳೆಗಳನ್ನು ಜೋಡಿಸುವ ಅಚ್ಚಲ್ಲ. ಬರೆಯುವವನು ಜಿಡ್ಡಿನ ಮಸಿಯಿಂದ ಬರೆದುದನ್ನು ನಯವಾದ ಕಲ್ಲಿನ ಮೇಲೆ ಇಳಿಸಿ, ಕಲ್ಲಿಗೆ ನೀರನ್ನೂ ಮಸಿಯನ್ನೂ ಸವರಿ ಕಾಗದವನ್ನು ಒತ್ತುವರು; ನೀರು ಹಿಡಿದ ಜಾಗದಲ್ಲಿ ಮಸಿ ನಿಲ್ಲದೆ ಬರಹದ ಮೇಲೆ ಮಾತ್ರ ನಿಲ್ಲುವುದು. ಆದುದರಿಂದ ಅಲ್ಲಿ ಕಾಣುವ ಅಕ್ಷರವು ಬರೆದವನ ಕೈಯ ಅಕ್ಷರವೇ. ನೀಲಗಿರಿಯಲ್ಲಿ ವಾಸವಾಗಿದ್ದ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಧನಸಹಾಯ ಮಾಡಲು, 1848ರಿಂದ ಜೈಮಿನಿಭಾರತ, ದಾಸರ ಪದಗಳು, ಬಸವಪುರಾಣ, ಚೆನ್ನಬಸವಪುರಾಣ ಮೊದಲಾದ ಗ್ರಂಥಗಳು ಒಂದೇ ಮಾಲೆಯಲ್ಲಿ ಕ್ರಮವಾಗಿ ಹೊರಬಂದವು. ವೈಷ್ಣವರ ಕಾವ್ಯ, ಹರಿದಾಸರ ಹಾಡು, ವೀರಶೈವರ ಪುರಾಣ ಇವು ಒಂದೇ ಸಾಲಿನಲ್ಲಿ ನಿಂತವು. ಇದಕ್ಕಾಗಿಯೇ ಟ್ಯೂಬಿಂಗೆನ್ ವಿದ್ಯಾಪೀಠವು 1858ರಲ್ಲಿ ಮೋಗ್ಲಿಂಗರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ಈ ಪ್ರಕಟನೆಯ ಉದ್ದೇಶವೇನೆಂಬುದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಜನರ ಮನಸ್ಸನ್ನು ಗೆಲ್ಲಬೇಕಾದರೆ ಮೊದಲು ಜನರ ಗ್ರಂಥಗಳನ್ನು ಓದಬೇಕೆಂಬುದು ಮೋಗ್ಲಿಂಗರ ಮತ. ಅವರು ಶಿವಶರಣರ ಮಾರ್ಗವನ್ನು ಒಪ್ಪಿದವರಲ್ಲ. 1840ರ ಸುಮಾರಿನಲ್ಲಿ ಹುಬ್ಬಳ್ಳಿ ಧಾರವಾಡ ಸೀಮೆಯಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿದ್ದ ಕೆಲವರು ಪಾದ್ರಿಗಳನ್ನು ಕಂಡು ಮಾತನಾಡಲು, ಸಾವಿರಾರು ಕುಟುಂಬಗಳು ತಮ್ಮ ಮತಕ್ಕೆ ಬಂದೇಬಿಟ್ಟವೆಂದು ಮಿಶನ್ನಿನವರು ಹಿಗ್ಗಿದರು. ಗದುಗಿನ ಸಮೀಪದ ಮಲಸಮುದ್ರದಲ್ಲಿ 1841ರಲ್ಲಿ ಅಂಥವರಿಗಾಗಿ ಒಂದು ವಸತಿಯೂ ಏರ್ಪಟ್ಟಿತು. ಆದರೆ ನಿರೀಕ್ಷಿಸಿದ ಸಮೂಹವು ಬರಲೇ ಇಲ್ಲ. ಜನರ ನುಡಿಯ ಮೇಲರ್ಥವನ್ನು ಹಿಡಿದು ಒಳಗಿನ ನಿಷ್ಠೆಯನ್ನು ಅರಿಯದೆ ಹೋದರೆ ಆಗುವುದಿಷ್ಟೇ. ಬಸವಪುರಾಣವನ್ನು ಅಚ್ಚುಹಾಕಿಸಿದ ಶ್ರಮವು ಈ ಆಶಾಭಂಗದ ಮೇಲಣ ದಶಕದ್ದೆಂಬುದು ಗಮನಿಸತಕ್ಕ ಸಂಗತಿ.

ಮತಾಂತರದಿಂದ ಒಡೆದ ಮನೆಗಳ ಕಥೆಯನ್ನೂ ಹೇಳದೆ ಬಿಡಬಾರದು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣರಾದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾದರು. ಮೋಗ್ಲಿಂಗರು ಅವರನ್ನು ಬಾಸೆಲಿಗೆ ಕರೆದುಕೊಂಡು ಹೋಗಿ ಓದಿಸಲು, ಅವರು 1851ರಲ್ಲಿ ಪಾದ್ರಿಗಳಾಗಿ ಮರಳಿದರು. ಅವರ ಪತ್ನಿ ಅವರೊಡನೆ ಬಾಳಲು ಒಪ್ಪಲಿಲ್ಲ. ಮುಂದೆ 1860ರಲ್ಲಿ ಕೌಂಡಿನ್ಯರು ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ವಿವಾಹವಾದರು. ಒಬ್ಬಾಕೆ ಮತಕ್ಕಾಗಿ ಗಂಡನನ್ನು ಬಿಟ್ಟಳು. ಮತ್ತೊಬ್ಬಾಕೆ ಮತಕ್ಕಾಗಿ ಸ್ವದೇಶವನ್ನು ಬಿಟ್ಟಳು. ಇಬ್ಬರ ನಿಷ್ಠೆಯನ್ನೂ ಸಮನಾಗಿ ಕಾಣುವುದೇ ಧರ್ಮಜ್ಞರ ಲಕ್ಷಣ.

1852ರ ಕೊನೆಯಲ್ಲಿ ಮೋಗ್ಲಿಂಗರು ಸ್ವದೇಶಕ್ಕೆ ಮರಳಲು ಸಿದ್ಧರಾಗಿದ್ದಾಗ, ಸನ್ಯಾಸಿವೇಷದ ಕೊಡಗಿನವನೊಬ್ಬನು ಬಂದು ಅವರ ದೀಕ್ಷೆಯನ್ನು ಬೇಡಿದನು. ಆತನ ಬೆನ್ನುಹತ್ತಿ ಅವರು 1853ರಲ್ಲಿ ಕೊಡಗಿಗೆ ಹೋದರು. ಅಲ್ಲಿ ಮುಂದೆ ಆನಂದಪುರವೆಂಬ ವಸತಿ ಹುಟ್ಟಿತು. ಜಮ್ಮದ ಒಕ್ಕಲುಗಳ ಅಧೀನದಲ್ಲಿ ನವೆದ ಹೊಲೆಯರಿಗೆ ಅದು ಆಶ್ರಯವಾಯಿತು. 1855ರಲ್ಲಿ ಅವರು ಕೊಡಗಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಆದರೆ ಪೌಲೀನ್ ಅಮ್ಮನವರ ಆರೋಗ್ಯ ಕೆಟ್ಟುದರಿಂದ 1860ರಲ್ಲಿ ಕುಟುಂಬಸಮೇತರಾಗಿ ಜರ್ಮನಿಗೆ ಹಿಂದಿರುಗಿದರು. ಮತ್ತೆ ಈ ನಾಡನ್ನು ಕಾಣಲಿಲ್ಲ. 1881ನೆಯ ಇಸವಿ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ದೇಹಬಿಟ್ಟರು.

ಇಂತಹ ಕುಟುಂಬಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೊಂದವರು ಮಕ್ಕಳು. ಹೊತ್ತಿನ ಜ್ವರ, ವಾಂತಿಭೇದಿಗಳ ಭಯ ಒಂದೆಡೆ. ಓದಿನ ಚಿಂತೆ ಮತ್ತೊಂದೆಡೆ. ಆದುದರಿಂದ ಶಾಲೆಗೆ ಹೋಗುವ ವಯಸ್ಸಾಗುತ್ತಲೇ ಮಕ್ಕಳನ್ನು ಯುರೋಪಿಗೆ ಕಳುಹಿಸಿಬಿಡುತ್ತಿದ್ದರು. ಇವರಿಗಾಗಿ ಬಾಸೆಲಿನಲ್ಲಿ 1853ರಲ್ಲಿ ಒಂದು ಮಕ್ಕಳ ಮನೆಯೇ ತೆರೆಯಲ್ಪಟ್ಟಿತು. ತಾಯಿಯ ಮಡಿಲಿನಿಂದ ಹೋದ ಕೂಸು ವರ್ಷಗಳ ಮೇಲೆ ಪರಿಚಯವಿಲ್ಲದ ಪ್ರಾಯದವನಾಗಿ ಮುಂದೆ ಬಂದು ನಿಲ್ಲುವುದು. ಮೋಗ್ಲಿಂಗರ ಸ್ನೇಹಿತರೂ ಮಲೆಯಾಳ ನಿಘಂಟುಕಾರರೂ ಆದ ಹರ್ಮನ್ ಗುಂಡರ್ಟರ ಮಗಳು ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಶೈಶವದಲ್ಲಿಯೇ ಯುರೋಪಿನಲ್ಲಿ ಬಿಡಲ್ಪಟ್ಟು, 1857ರಲ್ಲಿ ತಂದೆತಾಯಿಗಳ ಬಳಿಗೆ ಮರಳಿದಳು. ಮುಂದೆ ಆಕೆಯ ಕೈಹಿಡಿದ ಯೋಹಾನ್ನೆಸ್ ಹೆಸ್ಸೆ ಎಂಬವರೂ ಮಂಗಳೂರಿನ ಮಿಶನ್ನಿನಲ್ಲಿ ದುಡಿದವರೇ. 1922ರಲ್ಲಿ 'ಸಿದ್ಧಾರ್ಥ' ಎಂಬ ಕಥೆಯನ್ನು ಬರೆದ ಜರ್ಮನ್ ಗ್ರಂಥಕಾರ ಹರ್ಮನ್ ಹೆಸ್ಸೆ ಈ ದಂಪತಿಗಳ ಮಗನು.

ನಿಘಂಟುಕಾರರಾದ ಫರ್ಡಿನಾಂಡ್ ಕಿಟ್ಟೆಲರ ಮನೆಯ ಕಥೆಯೂ ಇಂಥದೇ. 1853ರಲ್ಲಿ ಬಂದ ಅವರು 1860ರಲ್ಲಿ ವಿವಾಹವಾದರು. 1864ರಲ್ಲಿ ಪತ್ನಿ ತೀರಿಕೊಂಡರು. 1867ರಲ್ಲಿ ಆಕೆಯ ಸಹೋದರಿಯನ್ನೇ ವರಿಸಿದರು. ಒಮ್ಮೆ ಸ್ವದೇಶಕ್ಕೆ ಮರಳಿದ್ದವರು ನಿಘಂಟಿನ ಕಾರ್ಯಕ್ಕಾಗಿ 1883ರಲ್ಲಿ ಹೆಂಡತಿಮಕ್ಕಳನ್ನು ಜರ್ಮನಿಯಲ್ಲಿ ಬಿಟ್ಟು ಒಬ್ಬರೇ ಮತ್ತೆ ಬಂದರು. 1894ರಲ್ಲಿ ಹೊರಬಂದ ಸುಮಾರು 70,000 ಶಬ್ದಗಳ ಆ ಮಹಾಗ್ರಂಥವನ್ನು ಇಂದಿಗೂ ಪಂಡಿತರು ಕೈಯಲ್ಲಿ ಹಿಡಿಯುವರು. ಅದರ ಪುಟಗಳ ಹಿಂದೆ, ತಂದೆಯಿಲ್ಲದೆ ಕಳೆದ ಒಂದು ಮನೆಯ ವರ್ಷಗಳಿರುವುವೆಂಬುದನ್ನು ನೆನೆಯುವವರು ವಿರಳ.

1914ರಲ್ಲಿ ಮಹಾಯುದ್ಧವು ಆರಂಭವಾಗಲು, ಇಂಗ್ಲಿಷ್ ಸರಕಾರವು ಈ ಮಿಶನ್ನಿನ ಜರ್ಮನರನ್ನು ಶತ್ರುದೇಶದವರೆಂದು ಅಹಮದನಗರದ ಶಿಬಿರದಲ್ಲಿರಿಸಿ ಬಳಿಕ ದೇಶದಿಂದ ಕಳುಹಿಸಿಬಿಟ್ಟಿತು. ಎಂಬತ್ತು ವರ್ಷಗಳಲ್ಲಿ ಕಟ್ಟಿದ ಶಾಲೆ, ನೇಯ್ಗೆ, ಹೆಂಚಿನ ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಆದರೆ ಅಚ್ಚಾಗಿ ಹೊರಟ ಗ್ರಂಥಗಳನ್ನು ಯಾವ ಸರಕಾರವೂ ಹಿಂದಕ್ಕೆ ಕರೆಯಲಾರದು. ಮುಂದೆ 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿ ಶರಣರ ವಾಣಿಯನ್ನು ಮನೆಮನೆಗೆ ಮುಟ್ಟಿಸಿದರು. ಅಂದು ಶರಣಸಾಹಿತ್ಯದ ರಕ್ಷಣೆಯ ಭಾರವನ್ನು ಭಕ್ತಸಮಾಜವು ತನ್ನ ಹೆಗಲಿಗೇ ಏರಿಸಿಕೊಂಡಿತು. ಮಾಡಬೇಕಾದುದೂ ಅದೇ ಆಗಿತ್ತು.

ಹಾಗಾದರೆ ಮೋಗ್ಲಿಂಗರಿಗೆ ಸಲ್ಲಬೇಕಾದುದೇನು? ಅವರ ಮತವನ್ನು ಒಪ್ಪದವನೂ ಅವರ ಋಣವನ್ನು ಒಪ್ಪಬಹುದು. ಖಂಡಿಸುವುದಕ್ಕಾದರೂ ಪರರ ಗ್ರಂಥವನ್ನು ಪೂರ್ಣವಾಗಿ ಓದಬೇಕು, ಓದಿದುದನ್ನು ತಿದ್ದದೆ ಮರೆಸದೆ ಲೋಕದ ಮುಂದಿಡಬೇಕು ಎಂಬ ನ್ಯಾಯವನ್ನು ಅವರು ಪಾಲಿಸಿದರು. ಪರಮತದವರ ಗ್ರಂಥಗಳನ್ನು ಅಷ್ಟೇ ಶ್ರಮದಿಂದ ಓದಿದವರು ನಮ್ಮ ಮಠಪಾಠಶಾಲೆಗಳಲ್ಲಿ ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಈ ಮಹೋತ್ಸವದ ಸಂದರ್ಭದಲ್ಲಿ ಕೇಳಿಕೊಳ್ಳುವುದು ಅನುಚಿತವಾಗದು.

ಇನ್ನೊಂದು ಮಾತು. ಮಠಗಳ ಚರಿತ್ರೆಯಲ್ಲಿ ಪೀಠಾಧಿಪತಿಗಳ ಹೆಸರುಗಳು ಬರೆಯಲ್ಪಡುವುವು. ಕಣದಲ್ಲಿ ಕಾಳು ಅಳೆದು ಕೊಟ್ಟವರ, ದಾಸೋಹದ ಒಲೆಯ ಮುಂದೆ ಕುಳಿತ ತಾಯಂದಿರ, ಮಗನನ್ನು ಮಠಕ್ಕೊಪ್ಪಿಸಿ ಬರಿಗೈಯಲ್ಲಿ ಮನೆಗೆ ನಡೆದ ತಂದೆಯರ ಹೆಸರುಗಳು ಬರೆಯಲ್ಪಡವು. ಮಂಗಳೂರಿನ ಬಸವಪುರಾಣದ ಹಿಂದೆ ಒಬ್ಬ ಪಂಡಿತನಷ್ಟೇ ಅಲ್ಲ, ಕಲ್ಲಚ್ಚಿಗೆ ಬರೆದ ಹೆಸರಿಲ್ಲದ ಲಿಪಿಕಾರರೂ, ಪರದೇಶದಲ್ಲಿ ಮಡಿದ ಸ್ನೇಹಿತನೂ, ಆ ಸ್ನೇಹಿತನ ವಿಧವೆಯೂ, ಆಕೆಯ ಮಕ್ಕಳೂ ಇರುವರು. ಗಂಡನ ಆಸೆ ಕಾಯಕವನ್ನು ಮೀರಿದಾಗ ಅದನ್ನು ತಿದ್ದಿದವಳು ಲಕ್ಕಮ್ಮನೆಂಬ ಸಂಗತಿಯನ್ನು ಬಲ್ಲ ಅಮರೇಶ್ವರದ ಸೀಮೆಯವರಿಗೆ, ಧರ್ಮಕಾರ್ಯದ ಭಾರವನ್ನು ಮನೆಯವರೆಲ್ಲರೂ ಹೊರುವರೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಶ್ರಾವಣದಲ್ಲಿ ಪುರಾಣ ಹಚ್ಚುವಾಗ ಗ್ರಂಥಕ್ಕೆ ಏರಿಸುವ ಹೂವಿನಲ್ಲಿ ಅವರೆಲ್ಲರಿಗೂ ಒಂದು ಪಾಲು ಸಲ್ಲಲಿ. ಇತ್ಯಲಂ.